ಪಾತ್ರೆ ತೊಳೆಯುವ ಕೋಚ್

ಅಯೋವಾ ರಾಜ್ಯದಲ್ಲಿ ಸರ್ಕಾರದ ಸಂಬಳ ಉಣ್ಣುವವರ ಗಳಿಕೆಯೆಲ್ಲ ವರ್ಷಕ್ಕೊಮ್ಮೆ ಪೇಪರಿನಲ್ಲಿ ಅಚ್ಚಾಗುತ್ತದೆ. ಗವರ್ನರ್‌ದು, ದೊಡ್ಡಾಸ್ಪತ್ರೆಯಲ್ಲಿ ಎದೆ ಕೊಯ್ಯುವ ಡಾಕ್ಟರದು, ರಸ್ತೆಯ ಹಿಮ ತಳ್ಳುವವನದು, ಯಾವುದನ್ನೂ ಬಿಡುವುದಿಲ್ಲ. ಆ ಸಲವೂ ಎಲ್ಲರಿಗಿಂತ ಮೇಲೆ ನಿಂತಿದ್ದದ್ದು ಕಾರ್ಲಾ ಬ್ರೆಕ್ಕೆ ಎಂಬ ಹೆಸರು. ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಕೋಚ್. ಸಂಬಳ ಮೂವತ್ತೆರಡು ಲಕ್ಷ ಡಾಲರು.

ಅವಳ ಅಪ್ಪ ಆರ್ವಿಡ್ ಬೆಳಗಿನ ಕಾಫಿ ಅಂಗಡಿಗೆ ಆ ದಿನ ಬೇಕೆಂದೇ ತಡವಾಗಿ ಹೋದ. ಹೋದರೇನು, ಗೆಳೆಯರು ಕಾದೇ ಕೂತಿದ್ದರು.

"ಬಂದ ನೋಡಪ್ಪ ಗವರ್ನರಿಗೂ ಮೇಲಿನವಳ ಅಪ್ಪ" ಎಂದ, ಜೀವಮಾನವೆಲ್ಲ ಹಂದಿ ಸಾಕಿ ಈಗ ಸುಮ್ಮನಿರುವ ಮರ್ಲ್. "ನಾನು ಹಲ್ಲುಜ್ಜಿ ಮುಗಿಸೋ ಹೊತ್ತಿಗೆ ನಿನ್ನ ಮಗಳು ನನ್ನ ಒಂದು ಹಂದಿಯ ಬೆಲೆ ಸಂಪಾದಿಸಿರ್ತಾಳೆ ಕಣೋ. ಕಾಫಿ ದುಡ್ಡು ಇವತ್ತು ನಿಂದು."

"ಅವಳ ಸಂಬಳ ಅವಳದು. ನನ್ನ ಪಿಂಚಣೀಲಿ ನಿನಗೆ ಅರ್ಧ ಕಪ್ಪು ಬರುತ್ತೆ, ಬೇಕಾದ್ರೆ ಕುಡಿ."

ನಗುತ್ತಲೇ ಹೇಳಿದನಾದರೂ ಮುದುಕನಿಗೆ ಆ ಸಂಖ್ಯೆ ಅರಗುವುದೇ ಇಲ್ಲ. ಅವನೂ ಕೋಚೇ ಆಗಿದ್ದವನು. ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು, ಸಂಜೆ ಹುಡುಗಿಯರಿಗೆ ಆಟ ಕಲಿಸಿ, ಪಂದ್ಯವಿದ್ದ ದಿನ ಬಸ್ಸನ್ನೂ ತಾನೇ ಓಡಿಸಿದವನು. ಅವರ ಬೆವರಿನ ಬಟ್ಟೆ ಒಗೆಯುತ್ತಿದ್ದದ್ದು ಹೆಂಡತಿ ಡೊರೀನ್. ಅದಕ್ಕೆಲ್ಲ ಸೇರಿ ಒಂದು ಋತುವಿಗೆ ಸಿಗುತ್ತಿದ್ದದ್ದು ಒಂದು ಹಳೇ ಸೈಕಲ್ಲಿನ ಬೆಲೆ. ಮೇಷ್ಟ್ರಾಗಿ ಜೀವಮಾನವೆಲ್ಲ ದುಡಿದದ್ದನ್ನು ಕೂಡಿದರೆ ಮಗಳ ನಾಲ್ಕು ತಿಂಗಳ ಸಂಬಳವಾಗುತ್ತದೆ. ಅವಳು ಅಂಥದ್ದೇನು ಮಾಡುತ್ತಾಳೆ? ಚೆಂಡು ಅದೇ, ಬಳೆಯಂಥ ಆ ಕಬ್ಬಿಣದ ಬುಟ್ಟಿಯೂ ಅದೇ ಎತ್ತರದಲ್ಲಿದೆ. ಹದಿನಾಲ್ಕು ಸಾವಿರ ಜನ ಅಂಕಣದ ಸುತ್ತ ಕೂತು ಕೂಗುವಾಗ ಅವಳು ಕೈಯೆತ್ತಿ ಎರಡು ಬೆರಳು ತೋರಿಸಿದರೆ ಐದು ಹುಡುಗಿಯರು ಗಾಳಿಗೆ ತಿರುಗುವ ಗೋಧಿ ತೆನೆಯ ಹಾಗೆ ಒಟ್ಟಿಗೆ ತಿರುಗುವುದನ್ನು ಅವನು ನೋಡಿದ್ದಾನೆ. ನೋಡಿದಾಗೆಲ್ಲ ಮೈ ಜುಂ ಎನ್ನುತ್ತದೆ. ಆದರೂ ಇಷ್ಟು ದುಡ್ಡು ಯಾವುದಕ್ಕೆ ಅನ್ನುವುದು ಮಾತ್ರ ತಿಳಿದಿರಲಿಲ್ಲ.

ಹೊರಡುವಾಗ ಮರ್ಲ್ ಕೇಳಿದ: "ಅದಿರಲಿ, ಮೊಮ್ಮಗಳು ಅಮ್ಮನ ತಂಡಕ್ಕೇ ತಾನೇ? ಯಾವಾಗ ಸಹಿ?"

"ಮತ್ತಿನ್ನೆಲ್ಲಿಗೆ ಹೋಗ್ತಾಳೆ?" ಎಂದ ಆರ್ವಿಡ್.

ಹೆಂಡತಿ ತೀರಿಕೊಂಡ ಮೇಲೆ ಅವನು ಮಗಳ ಮನೆಗೆ ಬಂದು ಎರಡು ವರ್ಷವಾಗಿತ್ತು. ಮನೆಯಲ್ಲಿ ಇರುವವರು ನಾಲ್ವರು, ಬಚ್ಚಲು ಐದು. ಅಷ್ಟು ದೊಡ್ಡ ಮನೆಯನ್ನು ನಡೆಸುತ್ತಿದ್ದವನು ಅಳಿಯ ಟಾಡ್. ಮೊದಲು ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ, ಮಗಳು ಬ್ರಿಟ್ಟಾ ಮೂರನೇ ಕ್ಲಾಸಿನಲ್ಲಿದ್ದಾಗ ಕೆಲಸ ಬಿಟ್ಟು ಅಡುಗೆ, ಬಟ್ಟೆ, ಬಿಲ್ಲು ಎಲ್ಲ ತಾನೇ ಹೊತ್ತುಕೊಂಡ. ಬ್ರಿಟ್ಟಾ ಈಗ ಹೈಸ್ಕೂಲಿನ ಕೊನೆಯ ವರ್ಷ. ಚೆಂಡು ನಡೆಸುವ ಆಟಗಾರ್ತಿ, ಎಡಗೈ. ನವೆಂಬರಿನಲ್ಲಿ ಅವಳ ವಯಸ್ಸಿನವರೆಲ್ಲ ಯಾವ ಕಾಲೇಜಿಗೆ ಆಡುವುದೆಂದು ಸಹಿ ಹಾಕುತ್ತಾರೆ.

ಸೆಪ್ಟೆಂಬರ್ ಬಂತೆಂದರೆ ಕಾರ್ಲಾ ಮನೆಯಲ್ಲಿರುವುದಿಲ್ಲ. ಕೋಚುಗಳು ಒಳ್ಳೊಳ್ಳೆಯ ಆಟಗಾರ್ತಿಯರ ಮನೆಮನೆಗೆ ಹೋಗುವ ಕಾಲ ಅದು, ಹೆಣ್ಣು ಕೇಳಲು ಹೋದ ಹಾಗೆ. ಹೋಗಿ, ಸೋಫಾದ ಮೇಲೆ ಕೂತು, ಅವರು ಬಡಿಸಿದ್ದನ್ನು ಉಂಡು, ನಿಮ್ಮ ಮಗಳನ್ನು ನಮ್ಮ ಕಾಲೇಜಿಗೆ ಕೊಡಿ ಎಂದು ಕೇಳಬೇಕು. ಕಾರ್ಲಾಳ ಪದ್ಧತಿ ಇಡೀ ದೇಶದ ಕೋಚುಗಳಿಗೆ ಗೊತ್ತು. ಊಟವಾದ ಮೇಲೆ ಎದ್ದು ತೋಳು ಮಡಚುತ್ತಾಳೆ. "ಅಡುಗೆ ನಿಮ್ಮದಾಯ್ತು, ಪಾತ್ರೆ ನಂದು" ಎಂದು ಹುಡುಗಿಯೊಬ್ಬಳನ್ನೇ ಕರೆದುಕೊಂಡು ಅಡುಗೆಮನೆಗೆ ಹೋಗುತ್ತಾಳೆ. ಅಪ್ಪ ಅಮ್ಮ ಹೊರಗೇ ಕೂತಿರಬೇಕು. ಹೇಳುವುದನ್ನೆಲ್ಲ ಹೇಳುವುದು ಆ ನಲ್ಲಿಯ ಮುಂದೆಯೇ.

"ಊರೋರ ಪಾತ್ರೆಯೆಲ್ಲ ತೊಳೀತಾಳೆ ಮಾವ, ಈ ಮನೇಲಿ ಒಂದು ಚಮಚ ತೊಳೆದಿದ್ದು ನಾನು ಕಂಡಿಲ್ಲ" ಎಂದು ಟಾಡ್ ನಗುತ್ತಿದ್ದ. ಅದರಲ್ಲಿ ಸ್ವಲ್ಪ ಬಿಸಿಯೂ ಇರುತ್ತಿತ್ತು.

ಜಗಳ ಹತ್ತಿಕೊಂಡದ್ದು ಒಂದು ಭಾನುವಾರದ ಊಟದಲ್ಲಿ. ಕಾರ್ಲಾ ಟೆಕ್ಸಾಸಿನಿಂದ ಅವತ್ತೇ ಬೆಳಿಗ್ಗೆ ಬಂದಿದ್ದಳು. ಟಾಡ್ ಹಂದಿಮಾಂಸ ಹುರಿದಿದ್ದ, ಮುಸುಕಿನ ಜೋಳದ ತೆನೆ ಬೇಯಿಸಿದ್ದ. ಕಾರ್ಲಾ ಒಂದು ಕೈಯಲ್ಲಿ ಜೋಳ, ಇನ್ನೊಂದರಲ್ಲಿ ಫೋನು ಹಿಡಿದು ಏನೋ ಓದುತ್ತಿದ್ದಳು.

"ಬ್ರಿಟ್ಟಾ, ಯಾವ್ಯಾವ ಕಾಲೇಜು ಯೋಚನೆ ಮಾಡ್ತಿದೀಯ? ಒಂದನ್ನೂ ನನಗೆ ಹೇಳೇ ಇಲ್ಲ."

"ಯಾವುದೂ ಇಲ್ಲ."

"ಇಲ್ಲ ಅಂದ್ರೆ? ಯಾರು ಯಾರು ಫೋನ್ ಮಾಡಿದ್ರು?"

"ಯಾರೂ ಮಾಡಿಲ್ಲಮ್ಮ."

ಕಾರ್ಲಾ ಫೋನು ಕೆಳಗಿಟ್ಟಳು. "ಜಿಲ್ಲೆಯ ಮೊದಲ ಐದು ಜನರಲ್ಲಿ ಒಬ್ಬಳು ನೀನು. ಒಬ್ಬರೂ ಮಾಡಿಲ್ವಾ?"

"ಯಾಕೆ ಮಾಡ್ತಾರೆ? ಎಲ್ಲರೂ ಅಂದ್ಕೊಂಡಿದಾರೆ ನಾನು ನಿನ್ನವಳು ಅಂತ. ಕಾರ್ಲಾ ಬ್ರೆಕ್ಕೆ ಮಗಳನ್ನ ಕೇಳೋಕೆ ಯಾವ ಕೋಚ್ ಧೈರ್ಯ ಮಾಡ್ತಾನೆ? ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಕೋಚ್ ಒಬ್ಬಳು ಮಾತ್ರ ಮಾಡಿದ್ಲು, ಶಾನಾ ಪ್ರೂಯಿಟ್ ಅಂತ. ಪಾಪ ಈ ವರ್ಷ ಹೊಸದಾಗಿ ಸೇರಿದಾಳೆ, ನಾನು ಯಾರ ಮಗಳು ಅಂತ ಗೊತ್ತಿರ್ಲಿಲ್ಲ ಅನ್ಸುತ್ತೆ."

"ನೀನೇನಂದೆ?"

"ನಮ್ಮಮ್ಮ ಇನ್ನೂ ಕೇಳಿಲ್ಲ, ಕಾಯ್ತಿದೀನಿ ಅಂದೆ."

ಆರ್ವಿಡ್ ಜೋಳ ಕಡಿಯುವುದನ್ನು ನಿಲ್ಲಿಸಿದ. ಕೇಳಿಲ್ಲವೇ? ತಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನು? ಅಳಿಯನ ಮುಖ ನೋಡಿದ. ಟಾಡ್ ತಟ್ಟೆಯನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು.

"ನೀನು ಬೇರೆ ಕಡೆ ನೋಡ್ತಿದೀಯ ಅಂದ್ಕೊಂಡೆ" ಎಂದಳು ಕಾರ್ಲಾ. "ನೀನೂ ಏನೂ ಕೇಳ್ಲಿಲ್ಲವಲ್ಲ."

"ಹುಡುಗಿ ಕೇಳಬೇಕಾ? ಟೆಕ್ಸಾಸಿನ ಹುಡುಗಿ ಬಂದು ಕೇಳಿದ್ಲಾ ನಿನ್ನ?" ಬ್ರಿಟ್ಟಾಳ ದನಿ ಏರಿತು. "ಎಲ್ಲರ ಮನೆಗೂ ಹೋಗ್ತೀಯ. ಅವರ ಅಜ್ಜಿ ಮಾಡಿದ ಕೇಕು ತಿಂತೀಯ, ಅವರ ನಾಯಿಯ ಹೆಸರು ನೆನಪಿಟ್ಕೊಂಡಿರ್ತೀಯ. ನನ್ನ ಮನೆಗೂ ಬಾ. ಬಂದು ಬೇಕು ಅನ್ನು, ಬೇಡ ಅನ್ನು. ಏನಾದ್ರೂ ಅನ್ನು!"

"ಇದು ನನ್ನ ಮನೆ ಕಣೇ."

"ಮನೆ ನಿಂದೇ ಮಾರಾಯ್ತಿ, ಕಂತು ಕಟ್ಟಿರೋಳು ನೀನೇ" ಎಂದ ಟಾಡ್ ಮೆಲ್ಲಗೆ. "ಆದ್ರೆ ಅವಳು ಹೇಳೋದು ಸರಿ. ಬಾ, ಬೆಲ್ ಒತ್ತು. ಎಲ್ಲರಿಗೂ ಮಾಡೋ ಹಾಗೆ ಮಾಡು."

ಕಾರ್ಲಾ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನೀನಾದ್ರೂ ಹೇಳು ಇವರಿಗೆ."

"ನನ್ನ ಯಾಕೆ ಎಳೀತೀಯ? ನಾನು ಬಸ್ಸು ಓಡಿಸ್ತಿದ್ದೋನು" ಎಂದ ಆರ್ವಿಡ್. ಆಮೇಲೆ, "ಹೋಗು ಮಗಳೇ, ಅವಳ ಮನೆಗೆ ಹೋಗು" ಎಂದ.

ಮಾರನೆಯ ದಿನ ಕಾರ್ಲಾಳ ಕಚೇರಿಯಿಂದ ಮನೆಗೆ ಫೋನು ಬಂತು. ಕೋಚ್ ಬ್ರೆಕ್ಕೆಯವರು ಮುಂದಿನ ಬುಧವಾರ ಸಂಜೆ ತಮ್ಮ ಮನೆಗೆ ಭೇಟಿ ಕೊಡುತ್ತಾರೆ, ಅನುಕೂಲವೇ ಎಂದು ಹುಡುಗನೊಬ್ಬ ಬಹಳ ಮರ್ಯಾದೆಯಿಂದ ಕೇಳಿದ. "ಅವರು ಏನು ತಿಂತಾರೆ?" ಎಂದು ಟಾಡ್ ಅಷ್ಟೇ ಮರ್ಯಾದೆಯಿಂದ ಕೇಳಿದ. ಬಡಿಸಿದ್ದನ್ನೆಲ್ಲ ತಿನ್ನುತ್ತಾರೆ ಎಂದಿತು ಆ ಕಡೆಯ ದನಿ.

ಅಡುಗೆ ಏನೆಂಬುದಕ್ಕೆ ಎರಡು ದಿನ ವಾಗ್ವಾದವಾಯಿತು. ಟಾಡ್ ಮೀನು ಎಂದ. ಬುಧವಾರಕ್ಕೆ ಖಾರದ ಕಾಳುಸಾರು, ಅದರ ಜೊತೆ ದಾಲ್ಚಿನ್ನಿಯ ಸಿಹಿ ಸುರುಳಿ ಬನ್ನು, ಅದೇ ಆಗಬೇಕು ಎಂದ ಆರ್ವಿಡ್. ಆ ಕಡೆಯ ಶಾಲೆಗಳಲ್ಲಿ ಮಕ್ಕಳು ತಲೆಮಾರಿನಿಂದ ಉಂಡು ಬೆಳೆದದ್ದು ಅದನ್ನೇ. ಡೊರೀನ್ ಮಾಡುತ್ತಿದ್ದದ್ದೂ ಅದನ್ನೇ. "ಮೂವತ್ತೆರಡು ಲಕ್ಷದ ಕೋಚಿಗೆ ಶಾಲೆ ಊಟವಾ ಮಾವ?" ಎಂದು ಟಾಡ್ ಗೊಣಗಿದ. ಕೊನೆಗೆ ಮುದುಕನದೇ ನಡೆಯಿತು. ಹಿಟ್ಟು ನಾದಿದವನೂ ಅವನೇ.

ಬುಧವಾರ ಸಂಜೆ ಬೆಲ್ಲು ಹೊಡೆಯಿತು. ಆಗ ಗೊತ್ತಾಯಿತು ಆ ಮನೆಯ ಮುಂಬಾಗಿಲು ತೆರೆಯುವುದೇ ಇಲ್ಲವೆಂದು. ಎಲ್ಲರೂ ಕಾರು ನಿಲ್ಲಿಸಿ ಗ್ಯಾರೇಜಿನಿಂದಲೇ ಒಳಗೆ ಬರುವವರು, ಮುಂಬಾಗಿಲು ಮಳೆಗೆ ಹಿಮಕ್ಕೆ ಊದಿಕೊಂಡು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಟಾಡ್ ಎಳೆದ, ಆರ್ವಿಡ್ ಟಾಡ್‌ನನ್ನು ಎಳೆದ.

"ಗ್ಯಾರೇಜಿಂದ ಬರ್ಲಾ?" ಎಂದು ಹೊರಗಿನಿಂದ ಕಾರ್ಲಾ ಕೂಗಿದಳು.

"ಬೇಡ!" ಎಂದು ಬ್ರಿಟ್ಟಾ ಒಳಗಿನಿಂದ ಕೂಗಿದಳು. "ಅಲ್ಲೇ ಇರಿ ಕೋಚ್!"

ಕೊನೆಗೆ ಕೋಚೇ ಹೊರಗಿನಿಂದ ಭುಜ ಕೊಟ್ಟಳು. ಬಾಗಿಲು ಕಿರುಚಿಕೊಂಡು ತೆರೆಯಿತು. ತಂಡದ ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು ನಿಂತಿದ್ದಳು. "ನಮಸ್ಕಾರ, ನಾನು ಕಾರ್ಲಾ ಬ್ರೆಕ್ಕೆ" ಎಂದು ಗಂಡನ ಕೈ ಕುಲುಕಿದಳು. ಟಾಡ್‌ಗೆ ನಗು ತಡೆಯಲಾಗದೆ ಕೆಮ್ಮಿದ. ಆದರೆ ಅವಳು ನಗಲಿಲ್ಲ. ಸೋಫಾದ ತುದಿಯಲ್ಲಿ ಕೂತು ಬ್ರಿಟ್ಟಾಳನ್ನು ಶಾಲೆ, ಓದು, ಗೆಳತಿಯರೆಂದು ಒಂದೊಂದೇ ಕೇಳಿದಳು. ಕೇಳಿ, ಉತ್ತರ ಬರುವವರೆಗೂ ಕಾದಳು. ಹುಡುಗಿ ಮೊದಮೊದಲು ಒಂದೊಂದು ಮಾತಿನಲ್ಲಿ ಮುಗಿಸಿದವಳು ಊಟಕ್ಕೆ ಕೂರುವ ಹೊತ್ತಿಗೆ ಬಾಯಿ ಬಿಟ್ಟಿದ್ದಳು. ಆಡುವಾಗ ಹೊಟ್ಟೆ ತೊಳಸುತ್ತದಂತೆ, ಪಂದ್ಯದ ದಿನ ಬೆಳಿಗ್ಗೆ ಏನೂ ತಿನ್ನುವುದಿಲ್ಲವಂತೆ. ಒಂದೇ ಸೂರಿನಡಿ ಇದ್ದ ಆರ್ವಿಡ್‌ಗೂ ಇದು ಗೊತ್ತಿರಲಿಲ್ಲ. ಟಾಡ್‌ಗೂ ಗೊತ್ತಿರಲಿಲ್ಲ. ಕಾರ್ಲಾಳ ಚಮಚ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು.

ಎರಡನೇ ಬನ್ನು ತಿಂದು ಅವಳು ಎದ್ದು ತೋಳು ಮಡಚಿದಳು. "ಅಡುಗೆ ನಿಮ್ಮದಾಯ್ತು, ಪಾತ್ರೆ ನಂದು."

ಈಗ ಮುದುಕ ಒಂದು ಎಡವಟ್ಟು ಮಾಡಿಕೊಂಡ. ಉಳಿದ ಬನ್ನು ಮುಚ್ಚಲು ಹಾಳೆ ತರೋಣವೆಂದು ಅಡುಗೆಮನೆಯ ಮೂಲೆಯ ಉಗ್ರಾಣದ ಕೋಣೆಗೆ ಹೋದವನು ಅಲ್ಲೇ ಸಿಕ್ಕಿಹಾಕಿಕೊಂಡ. ಹೊರಗೆ ನಲ್ಲಿ ಬಿಟ್ಟ ಸದ್ದು ಕೇಳಿತು. ಹೋಗಬೇಕೆಂದರೆ ಅವರಿಬ್ಬರ ನಡುವೆಯೇ ಹಾದುಹೋಗಬೇಕು. ಹಿಟ್ಟಿನ ಡಬ್ಬದ ಪಕ್ಕ ಉಸಿರು ಬಿಗಿಹಿಡಿದು ನಿಂತ.

ಕಾರ್ಲಾ ಸೋಪು ಹುಡುಕುತ್ತಿದ್ದಳು. ಒಂದು ಬಾಗಿಲು, ಎರಡು ಬಾಗಿಲು, ಒಂದು ಡ್ರಾಯರು ತೆರೆದು ಮುಚ್ಚಿದ ಸದ್ದಾಯಿತು.

"ಮೇಲಿದೆ ಕೋಚ್. ಎಡಗಡೆ."

"ಎಲ್ಲರ ಮನೇಲೂ ಕೆಳಗಿರುತ್ತೆ."

"ಇಲ್ಲಿ ಮೇಲಿರುತ್ತೆ. ನಾನು ಹುಟ್ಟಿದಾಗ್ನಿಂದ."

ಒಂದೆರಡು ತಟ್ಟೆ ತೊಳೆದಾಯಿತು. ಆಮೇಲೆ ಕಾರ್ಲಾ ಶುರುಮಾಡಿದಳು. "ನಿನ್ನ ಆಟ ನೋಡಿದೀನಿ. ಯಾರು ಎಲ್ಲಿಗೆ ಓಡ್ತಾರೆ ಅನ್ನೋದು ಅವರಿಗಿಂತ ಮೊದಲು ನಿನಗೆ ಕಾಣುತ್ತೆ. ಅದನ್ನ ಯಾರೂ ಕಲಿಸೋಕಾಗಲ್ಲ. ನನಗೂ ಆಗಲ್ಲ. ಆದ್ರೆ ಕಾಲು ನಿಧಾನ. ಎರಡು ವರ್ಷದಿಂದ ನೀನು ಬೆಳಿಗ್ಗೆ ಎದ್ದು ಓಡ್ತಿದೀಯ, ಅದನ್ನೂ ನೋಡಿದೀನಿ. ಸ್ವಲ್ಪ ಸುಧಾರಿಸಿದೆ. ಸಾಲದು."

"ಹೂಂ."

"ನನ್ನ ತಂಡದಲ್ಲಿ ಹದಿನೈದು ಜಾಗ. ನಿನ್ನ ಜಾಗಕ್ಕೆ ಮೂವರಿದಾರೆ, ಟೆಕ್ಸಾಸಿನವಳು ನಾಲ್ಕನೆಯವಳು. ನೀನು ಬಂದ್ರೆ ನಾಲ್ಕು ವರ್ಷ ಬೆಂಚಿನ ಮೇಲೆ ಕೂತು ಟವೆಲ್ ಹಿಡ್ಕೊಂಡಿರ್ತೀಯ. ನಿನಗೆ ನಾನು ಜಾಗ ಕೊಡ್ತಿಲ್ಲ ಬ್ರಿಟ್ಟಾ."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಆರ್ವಿಡ್ ಕಪಾಟು ಹಿಡಿದುಕೊಂಡ.

"ಜನ ಏನಂತಾರೋ ಅಂತಾನಾ?" ಎಂದು ಹುಡುಗಿ ಕೇಳಿದಳು.

"ಜನ ಹಾಳಾಗಿ ಹೋಗ್ಲಿ. ನೀನು ಆ ಹದಿನೈದರಲ್ಲಿ ಬರಲ್ಲ, ಅದಕ್ಕೆ."

"ನಾನು ನಿನ್ನ ಮಗಳಲ್ದೆ ಇದ್ದಿದ್ರೆ?"

"ನೀನು ನನ್ನ ಮಗಳಲ್ದೆ ಇದ್ದಿದ್ರೆ ನಾನು ಈ ಮನೆಗೇ ಬರ್ತಿರ್ಲಿಲ್ಲ."

ಆರ್ವಿಡ್ ಕಣ್ಣು ಮುಚ್ಚಿಕೊಂಡ. ತನ್ನ ಕಾಲದಲ್ಲಿ ತಂಡದಿಂದ ಬಿಟ್ಟ ಹುಡುಗಿಯರಿಗೆ ಅವನು ಆ ಮಾತನ್ನು ಹೇಳುತ್ತಿದ್ದದ್ದು ಬಸ್ಸು ಓಡಿಸುತ್ತಾ, ಬೆನ್ನು ಹಾಕಿಕೊಂಡು. ಆ ಬಸ್ಸಿನ ಮುಂದಿನ ಸೀಟಿನಲ್ಲಿ ಎಂಟು ವರ್ಷದ ಕಾರ್ಲಾ ಕೂತಿರುತ್ತಿದ್ದಳು. ಮುಖ ನೋಡದೆ ಹೇಳಬೇಕೆಂಬುದನ್ನು ಅವಳು ಅಲ್ಲೇ ಕಲಿತಿರಬೇಕು. ಬೆನ್ನು ಹಾಕಬಾರದು, ಪಕ್ಕದಲ್ಲಿ ನಿಂತು ಹೇಳಬೇಕೆಂಬುದನ್ನು ಮಾತ್ರ ತಾನೇ ಕಂಡುಕೊಂಡಳು. ಹೊಟ್ಟೆಯ ಮಗಳಿಗೆ ಇಲ್ಲವೆಂದು, ಸುಳ್ಳಿಲ್ಲದೆ, ಸಿಟ್ಟಿಲ್ಲದೆ, ಒದ್ದೆ ಕೈಯಲ್ಲಿ ನಿಂತು ಹೇಳುವ ಆ ಗಟ್ಟಿತನ ಅವನಿಗೆ ಜನ್ಮದಲ್ಲಿ ಬಂದಿರಲಿಲ್ಲ. ಅವಳಿಗೆ ಅಷ್ಟು ದುಡ್ಡು ಯಾವುದಕ್ಕೆ ಕೊಡುತ್ತಾರೆಂಬುದು ಆ ಡಬ್ಬಗಳ ನಡುವೆ ನಿಂತಾಗ ಮುದುಕನಿಗೆ ಮೊದಲ ಸಲ ತಿಳಿಯಿತು. ಆಗ ಆದದ್ದು ಹೆಮ್ಮೆಯೋ ಭಯವೋ ಅವನಿಗೇ ಗೊತ್ತಾಗಲಿಲ್ಲ.

ನಲ್ಲಿಯ ಕಡೆಯಿಂದ ಬ್ರಿಟ್ಟಾಳ ದನಿ ಬಂತು. "ಇದನ್ನ ಇನ್ನೊಂದ್ಸಲ ತೊಳೀರಿ ಕೋಚ್. ಜಿಡ್ಡು ಹಾಗೇ ಇದೆ."

ಕಾರ್ಲಾ ತಟ್ಟೆ ಈಸಿಕೊಂಡು ಮತ್ತೆ ತೊಳೆದಳು.

ಆಮೇಲಿನ ವಾರಗಳು ಸಲೀಸಾಗಿ ಕಳೆಯಲಿಲ್ಲ. ಬ್ರಿಟ್ಟಾ ಅಮ್ಮನೊಡನೆ ಉಪ್ಪು ಕೊಡು, ಬಾಗಿಲು ಹಾಕು ಎಂಬುದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಟಾಡ್ ಮಾತಾಡಿದ, ಅದೂ ಒಂದು ಬೆಳಿಗ್ಗೆ ಕಾರ್ಲಾ ಜಾರ್ಜಿಯಾಕ್ಕೆ ಹೊರಟು ಪೆಟ್ಟಿಗೆ ಮುಚ್ಚುತ್ತಿದ್ದಾಗ.

"ಒಂದು ಜಾಗ, ಕಾರ್ಲಾ. ಹದಿನೈದನೇದು. ಯಾವ ಗಂಟು ಹೋಗ್ತಿತ್ತು ನಿಂದು?"

"ಅವಳದು ಹೋಗ್ತಿತ್ತು. ನಾಲ್ಕು ವರ್ಷ."

"ಅವಳು ಅದೇ ಬೇಕು ಅಂತಿದ್ಲಲ್ಲ."

"ಇನ್ನೊಬ್ಬರ ಮನೇಲಿ ಸುಳ್ಳು ಹೇಳಲ್ಲ ನಾನು. ನನ್ನ ಮನೇಲಿ ಹೇಳ್ಲಾ?"

ಟಾಡ್ ಪೆಟ್ಟಿಗೆಯನ್ನು ತಾನೇ ಎತ್ತಿ ಕಾರಿನಲ್ಲಿಟ್ಟ. ಕಾಫಿ ಅಂಗಡಿಯಲ್ಲಿ ಮರ್ಲ್, "ಸಹಿ ಯಾವಾಗ?" ಎಂದು ಮತ್ತೆ ಕೇಳಿದಾಗ ಆರ್ವಿಡ್ ಮುಚ್ಚಿಡದೆ ಹೇಳಿದ: "ನಮ್ಮ ಹುಡುಗಿಯನ್ನ ನಮ್ಮ ಹುಡುಗೀನೇ ಬೇಡ ಅಂದ್ಲು." ಮರ್ಲ್ ಬಾಯಲ್ಲಿದ್ದ ಕಾಫಿ ನುಂಗಿದ. ತಮಾಷೆ ಮಾಡಲಿಲ್ಲ, ಅವತ್ತಿನ ದುಡ್ಡನ್ನೂ ತಾನೇ ಕೊಟ್ಟ.

ಎಲೆಯೆಲ್ಲ ಉದುರಿದ ಹೊತ್ತಿಗೆ ಒಂದು ಸಂಜೆ ಆರ್ವಿಡ್ ಮೊಮ್ಮಗಳ ಜೊತೆ ಬಟ್ಟೆ ಮಡಚುತ್ತಿದ್ದ. ಬ್ರಿಟ್ಟಾ ಕಾಲುಚೀಲಕ್ಕೆ ಜೊತೆ ಹುಡುಕುತ್ತಾ ಹೇಳಿದಳು: "ತಾತ, ಆ ವಿಸ್ಕಾನ್ಸಿನ್ ಕೋಚಿಗೆ ನಾನೇ ಫೋನ್ ಮಾಡ್ದೆ."

"ಏನಂದ್ಲು?"

"ಅತ್ತೇಬಿಟ್ಲು ಅನ್ಸುತ್ತೆ. ಮುಂದಿನ ವಾರ ಮನೆಗೆ ಬರ್ತೀನಿ ಅಂದ್ಲು." ಕಾಲುಚೀಲದ ಜೊತೆಯನ್ನು ಸುತ್ತಿಟ್ಟು ಸೇರಿಸಿದಳು: "ಅಮ್ಮಂಗೆ ನೀನೇ ಹೇಳು. ಅವಳು ಇರ್ಬೇಕು. ಅಮ್ಮ ಆಗಿ."

ಕಾರ್ಲಾ ಆ ಸಂಜೆಗೆಂದು ಫ್ಲಾರಿಡಾದ ಭೇಟಿಯನ್ನು ಮುಂದೂಡಿದಳು. ಮಧ್ಯಾಹ್ನವೆಲ್ಲ ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದಳು. ಮೂರು ಸಲ ಅಂಗಿ ಬದಲಿಸಿದಳು. "ಅಪ್ಪಾ, ಇದು ತುಂಬಾ ಜೋರಾಯ್ತಾ? ಪಾಪ, ಹುಡುಗಿ ಹೆದರಿಬಿಟ್ಟಾಳು" ಎಂದಳು. ಟಾಡ್ ಬೆಳಿಗ್ಗೆಯೇ ಮುಂಬಾಗಿಲಿನ ಅಂಚನ್ನು ಕೀಸುಳಿಯಿಂದ ಹೆರೆದಿದ್ದ. ಅದು ಈಗ ಒಂದು ಬೆರಳಿಗೆ ತೆರೆಯುತ್ತಿತ್ತು.

ಶಾನಾ ಪ್ರೂಯಿಟ್ ಬಂದದ್ದು ತುಕ್ಕು ಹಿಡಿದ ಕಾರಿನಲ್ಲಿ, ನಾಲ್ಕು ತಾಸು ತಾನೇ ಓಡಿಸಿಕೊಂಡು. ಬ್ರಿಟ್ಟಾಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಕಾರ್ಲಾಳನ್ನು ಕಂಡದ್ದೇ ಕೈಯಲ್ಲಿದ್ದ ಹೂಗುಚ್ಛವನ್ನು ಮುಂದೆ ಚಾಚಿದಳು. "ಮೇಡಂ, ನಾನು ಕಾಲೇಜಿನಲ್ಲಿದ್ದಾಗ ನಿಮ್ಮ ಪಂದ್ಯಗಳ ಟೇಪು ನೋಡೀನೋಡೀ…" ಎಂದು ಶುರುಮಾಡಿದಳು.

"ಮೇಡಂ ಅಲ್ಲ, ನಾನು ಬ್ರಿಟ್ಟಾ ಅಮ್ಮ" ಎಂದಳು ಕಾರ್ಲಾ. "ಬಾ, ಊಟ ಆರಿ ಹೋಗುತ್ತೆ."

ಊಟ ಅದೇ, ಕಾಳುಸಾರು, ಬನ್ನು. ಆರ್ವಿಡ್ ಕಣ್ಣಾರೆ ಕಂಡ. ದೇಶದಲ್ಲೇ ಹೆಸರಾದ ಕೋಚ್ ಆ ಮೇಜಿನಲ್ಲಿ ಆಟದ ಒಂದು ಮಾತೂ ಎತ್ತಲಿಲ್ಲ.

"ಅಲ್ಲಿ ಚಳಿ ಹೇಗೆ? ಬಿಸಿನೀರು ಬರುತ್ತಾ ಹಾಸ್ಟೆಲಿನಲ್ಲಿ?"

"ಬರುತ್ತೆ ಮೇ… ಬರುತ್ತೆ."

"ಹೊರಗಿನ ಊರಿನ ಪಂದ್ಯಕ್ಕೆ ವ್ಯಾನು ಓಡಿಸೋರು ಯಾರು?"

"ನಾನೇ."

"ಹಿಮ ಬಿದ್ದಾಗ್ಲೂ? ನಿದ್ದೆ ಮಾಡಿರ್ತೀಯ ತಾನೇ ಹಿಂದಿನ ದಿನ?"

"ಅಮ್ಮಾ!" ಎಂದಳು ಬ್ರಿಟ್ಟಾ.

"ನಾನು ಬಸ್ಸು ಓಡಿಸ್ತಿದ್ದೆ ಕಣಮ್ಮ, ಏನೂ ಆಗಲ್ಲ" ಎಂದು ಆರ್ವಿಡ್ ನಡುವೆ ಬಂದ. ಶಾನಾ ಅವನ ಕಡೆ ನೋಡಿದ ನೋಟದಲ್ಲಿ ಮುಳುಗುವವಳಿಗೆ ಹಗ್ಗ ಸಿಕ್ಕ ಸಮಾಧಾನವಿತ್ತು.

"ಪಂದ್ಯದ ದಿನ ಬೆಳಿಗ್ಗೆ ಇವಳು ಏನೂ ತಿನ್ನಲ್ಲ" ಎಂದಳು ಕಾರ್ಲಾ. "ಹೊಟ್ಟೆ ತೊಳಸುತ್ತೆ ಅಂತಾಳೆ. ಸ್ವಲ್ಪ ನೋಡ್ಕೋ."

ಬ್ರಿಟ್ಟಾ ತಲೆ ತಗ್ಗಿಸಿ ಬನ್ನು ಮುರಿದಳು.

ತಟ್ಟೆಗಳು ಖಾಲಿಯಾದವು. ಶಾನಾ ಒಮ್ಮೆ ಕಾರ್ಲಾಳನ್ನು ನೋಡಿದಳು, ಒಮ್ಮೆ ತನ್ನ ತೋಳನ್ನು ನೋಡಿಕೊಂಡಳು. ಕಿವಿಯವರೆಗೂ ಕೆಂಪಾದಳು. ಕೊನೆಗೆ ಎದ್ದೇಬಿಟ್ಟು ತೋಳು ಮಡಚಿದಳು. "ಅಡುಗೆ ನಿಮ್ಮದಾಯ್ತು" ಎಂದಳು ಕ್ಷೀಣವಾಗಿ. "ಪಾತ್ರೆ… ನಾನು ತೊಳೀಬಹುದಾ?"

ಟಾಡ್ ಕೆಮ್ಮಿದ. ಕಾರ್ಲಾ ಕೂತಲ್ಲಿಂದಲೇ, "ಸೋಪು ಮೇಲಿದೆ, ಎಡಗಡೆ" ಎಂದಳು.

ಇಬ್ಬರೂ ಅಡುಗೆಮನೆಗೆ ಹೋದರು. ಉಳಿದವರು ಪದ್ಧತಿಯಂತೆ ಹೊರಗಿನ ಕೋಣೆಗೆ ಬಂದು ಕೂತರು. ನಲ್ಲಿ ಬಿಟ್ಟ ಸದ್ದಾಯಿತು. ಮಾತು ಕೇಳಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಕಾರ್ಲಾ ಸೋಫಾದ ತುದಿಯಲ್ಲಿ ಕೈ ಮಡಿಲಲ್ಲಿಟ್ಟು ಕೂತಿದ್ದಳು, ಕಿವಿಯೆಲ್ಲ ಅತ್ತಲೇ. ಒಮ್ಮೆ ಒಳಗೆ ಬ್ರಿಟ್ಟಾ ನಕ್ಕಳು. ಕಾರ್ಲಾ ಬೆಚ್ಚಿ ತಲೆಯೆತ್ತಿದಳು. ಮತ್ತೆ ನೀರಿನ ಸದ್ದು.

"ಅಪ್ಪಾ" ಎಂದಳು ಮೆಲ್ಲಗೆ. "ನಾನು ಹೋದ ಮನೇಲೆಲ್ಲ ಅಮ್ಮಂದಿರು ಹೀಗೇ ಕೂತಿರ್ತಿದ್ರಾ?"

"ಹೂಂ ಮತ್ತೆ. ಇನ್ನೆಲ್ಲಿ ಕೂರ್ತಾರೆ?"

"ಯಾರೂ ನನಗೆ ಹೇಳ್ಲೇ ಇಲ್ಲ."

ಆರ್ವಿಡ್ ಅವಳ ಕೈಮೇಲೆ ಕೈಯಿಟ್ಟ. ಹದಿನಾಲ್ಕು ಸಾವಿರ ಜನರ ಎದುರು ಎರಡು ಬೆರಳೆತ್ತುವ ಆ ಕೈ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿತು.

ಒಳಗೆ ನಲ್ಲಿ ನಿಂತಿತು. ಕಾರ್ಲಾ ಎದ್ದಳು. ಎರಡು ಹೆಜ್ಜೆ ಹೋದವಳು ತಡೆದು ನಿಂತು, ತಿರುಗಿ ಬಂದು ತನ್ನ ಜಾಗದಲ್ಲಿ ಕೂತಳು. ಅವರೇ ಬಂದು ಹೇಳಲಿ ಎಂದು ಕಾದಳು.